ಕೋಟೆನಾಡಿನ ರೀಲ್ಸ್‌ಗೆ ಕಂಪನಿಯ ಕರಾರು

ಮೈಸೂರು ಸ್ಯಾಂಡಲ್ ಸೋಪಿನ ರಾಯಭಾರಿಯಾಗಿ ನಟಿ ತಮನ್ನಾ ಭಾಟಿಯಾ ಅವರನ್ನು ನೇಮಿಸಿದ ಸರ್ಕಾರಿ ಆದೇಶ 2025ರ ಮೇ ತಿಂಗಳಲ್ಲಿ ಹೊರಬಿದ್ದಾಗ ರಾಜ್ಯದಲ್ಲಿ ದೊಡ್ಡ ಗದ್ದಲ ಎದ್ದಿತು. ಕನ್ನಡದ ನಟಿಯರು ಇರಲಿಲ್ಲವೇ, 6.20 ಕೋಟಿ ರೂಪಾಯಿ ಕೊಡಬೇಕಿತ್ತೇ ಎಂಬ ಎರಡು ಪ್ರಶ್ನೆಗಳ ಸುತ್ತಲೇ ಮಾತು ಸುತ್ತಿತು. ಅದೇ ಆದೇಶದಲ್ಲಿದ್ದ ಇನ್ನೊಂದು ಸಂಗತಿ ಮೂಲೆಗೆ ಸರಿಯಿತು: ಒಪ್ಪಂದದ ಅವಧಿ ಎರಡು ವರ್ಷ ಎರಡು ದಿನ. ಟೀಕೆಗೆ ಉತ್ತರ ಕೊಟ್ಟ ಕೈಗಾರಿಕಾ ಸಚಿವ ಎಂ.ಬಿ. ಪಾಟೀಲರು, ಆಯ್ಕೆಗೆ ಮುನ್ನ ಏನೇನು ನೋಡಲಾಯಿತು ಎಂದೂ ಹೇಳಿದರು. ಜಾಲತಾಣದಲ್ಲಿರುವ ಹಿಂಬಾಲಕರು, ಬ್ರ್ಯಾಂಡಿಗೆ ಒಪ್ಪುವ ಮುಖ, ಮಾರುಕಟ್ಟೆಯ ವ್ಯಾಪ್ತಿ ಇವುಗಳ ಜೊತೆಗೆ ಪ್ರತಿಸ್ಪರ್ಧಿ ಉತ್ಪನ್ನಗಳ ಪ್ರಚಾರದಲ್ಲಿ ಇಲ್ಲದಿರುವುದೂ ಆ ಪಟ್ಟಿಯಲ್ಲಿತ್ತು.

ಕೋಟಿಗಳ ಆ ಕರಾರಿಗೂ ಹೊಸದುರ್ಗದ ಹೆಣ್ಣುಮಗಳೊಬ್ಬಳು ಮೊಬೈಲ್‌ನಲ್ಲಿ ಮಾಡುವ ಒಂದು ನಿಮಿಷದ ರೀಲ್ಸ್‌ಗೂ ಅಂತರ ಬಹಳ. ಕೇಳಬೇಕಾದ ಪ್ರಶ್ನೆಗಳು ಮಾತ್ರ ಎರಡರಲ್ಲೂ ಅವೇ. ಎಷ್ಟು ದಿನ? ಎಲ್ಲೆಲ್ಲಿ? ಬೇರೆ ಯಾರ ಜೊತೆ ಮಾಡಬಾರದು? ಹಣ ಯಾವಾಗ? ಸಿನಿಮಾ ನಟಿಯ ಪರವಾಗಿ ಇದನ್ನು ಕೇಳಲು ಏಜೆಂಟರು, ವಕೀಲರು ಇರುತ್ತಾರೆ. ಹೊಸದುರ್ಗದಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ‘ಓಕೆ ಸರ್’ ಎಂದರೆ ವ್ಯವಹಾರ ಮುಗಿದ ಹಾಗೆ.

ಚಿತ್ರದುರ್ಗ ಜಿಲ್ಲೆಯಲ್ಲಿ ವಿಡಿಯೊ ಮಾಡುವವರಿಗೆ ವಿಷಯದ ಬರ ಇಲ್ಲ. 1933ರ ನಂತರ ಮೊದಲ ಸಲ, 2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಮಾರಿಕಣಿವೆಯ ನೀರು ಊರೂರಿನ ಮೊಬೈಲ್‌ಗಳಲ್ಲಿ ಹರಿಯಿತು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿದ್ದಾಗಲೂ ಅಷ್ಟೇ. ಏಳು ಸುತ್ತಿನ ಕೋಟೆ, ಚಂದ್ರವಳ್ಳಿ, ಜೋಗಿಮಟ್ಟಿಯ ಮಂಜು, ಹೊಳಲ್ಕೆರೆಯ ಅಡಿಕೆ, ಹಿರಿಯೂರಿನ ದಾಳಿಂಬೆ ಮತ್ತು ಈರುಳ್ಳಿ, ಹೊಸದುರ್ಗದ ತೆಂಗು ಮತ್ತು ಸಾವೆ, ಸಾಣೇಹಳ್ಳಿಯ ರಂಗೋತ್ಸವ. ಇವನ್ನೆಲ್ಲ ಊರಿನ ಮಾತಿನಲ್ಲೇ ತೋರಿಸುವ ಹುಡುಗ ಹುಡುಗಿಯರು ಬೆಳೆಯುತ್ತಿದ್ದಾರೆ. ನೋಡುವವರೂ ಸುತ್ತಮುತ್ತಲಿನವರೇ. ಈ ಕಾರಣಕ್ಕೇ ಕಂಪನಿಗಳ ಕಣ್ಣು ಇಲ್ಲಿಯವರೆಗೂ ಬಂದಿದೆ. ಡ್ರಿಪ್ ಪೈಪ್ ಮಾರುವವರಿಗೆ ಬೆಂಗಳೂರಿನ ದೊಡ್ಡ ಚಾನೆಲ್ಲಿನ ಲಕ್ಷ ವೀಕ್ಷಕರಿಗಿಂತ ಇಲ್ಲಿನ ಐದು ಸಾವಿರ ತೋಟದವರೇ ಬೇಕು.

ಬರುವ ಸಂದೇಶಗಳು ಬಹುಪಾಲು ಒಂದೇ ಅಚ್ಚಿನವು: ‘ಹಾಯ್ ಮೇಡಂ, ನಿಮ್ಮ ಪೇಜ್ ನಮ್ಮ ಟೀಮಿಗೆ ತುಂಬಾ ಇಷ್ಟ ಆಯ್ತು. ಬಾರ್ಟರ್ ಕೊಲ್ಯಾಬ್‌ಗೆ ಇಂಟರೆಸ್ಟ್ ಇದೆಯಾ? ಪ್ರಾಡಕ್ಟ್ ಫ್ರೀ ಕಳಿಸ್ತೀವಿ. ಎರಡು ರೀಲ್ಸ್, ಮೂರು ಸ್ಟೋರಿ. ವಿಡಿಯೊ ಹಾಕೋ ಮುಂಚೆ ಅಪ್ರೂವಲ್ ಬೇಕು. ಅಡ್ರೆಸ್ ಕಳಿಸಿ.’ ಅದರಲ್ಲಿ ಹಣದ ಮಾತಿಲ್ಲ, ಸರಿ. ಅದಕ್ಕಿಂತ ದೊಡ್ಡ ಗೈರುಹಾಜರಿಗಳು ಬೇರೆ ಇವೆ. ಆ ವಿಡಿಯೊವನ್ನು ಕಂಪನಿ ತನ್ನ ಜಾಹೀರಾತಾಗಿ ಓಡಿಸುತ್ತದೆಯೇ, ಎಷ್ಟು ತಿಂಗಳು, ಒಪ್ಪಿಗೆಯ ಹೆಸರಿನಲ್ಲಿ ಎಷ್ಟು ಸಲ ತಿದ್ದಿಸುತ್ತದೆ, ಹಾಕಿದ ವಿಡಿಯೊವನ್ನು ತೆಗೆಯುವ ಅಧಿಕಾರ ಯಾರದು, ಸರಕು ಕೆಟ್ಟದ್ದಾಗಿದ್ದರೆ ಹಾಗೆಂದು ಹೇಳಬಹುದೇ? ಒಂದಕ್ಕೂ ಉತ್ತರವಿಲ್ಲ.

ಅಡಿಕೆ ನಾಡಿನವರಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಹೊಳಲ್ಕೆರೆ ಕಡೆ ತೋಟವನ್ನು ಖೇಣಿಗೆ ಕೊಡುವಾಗ ದರ ಒಂದನ್ನೇ ಮಾತಾಡಿ ಎದ್ದುಬರುವ ರೈತ ಸಿಗುವುದಿಲ್ಲ. ಹಸಿ ಅಡಿಕೆಯ ಲೆಕ್ಕವೋ ಒಣ ಅಡಿಕೆಯದೋ, ಮುಂಗಡ ಎಷ್ಟು, ಎಷ್ಟು ಕೊಯ್ಲು ಖೇಣಿದಾರನದು, ಕೊಯ್ಯುವ ಆಳು ಯಾರ ಖರ್ಚು, ಬಾಕಿ ಯಾವ ತಿಂಗಳು, ಎಲ್ಲವೂ ತೋಟದಲ್ಲೇ ನಿಂತು ತೀರ್ಮಾನವಾಗುತ್ತದೆ. ಒಂದು ಹಂಗಾಮಿನ ಫಸಲು ಕೊಟ್ಟ ಮಾತ್ರಕ್ಕೆ ತೋಟ ಖೇಣಿದಾರನದಾಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಅದೇ ಮನೆಯ ಮಗ ತನ್ನ ಮುಖ, ದನಿ, ಹೆಸರು ಮೂರನ್ನೂ ಕೊಡುವಾಗ ಫಸಲು ಯಾವುದು, ತೋಟ ಯಾವುದು ಎಂದು ಕೇಳುವುದಿಲ್ಲ.

ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಉತ್ತರವಿದೆ. ವಿಡಿಯೊ ಮಾಡುವವರಲ್ಲಿ ಹೆಚ್ಚಿನವರಿಗೆ ಇದು ಆಘಾತ ತರುವಂಥದ್ದು. ಕಾಯ್ದೆಯ 17ನೇ ಕಲಮಿನ ಪ್ರಕಾರ, ಒಬ್ಬರ ಕೋರಿಕೆಯ ಮೇರೆಗೆ ಪ್ರತಿಫಲ ಪಡೆದು ಸಿನಿಮಾಟೊಗ್ರಾಫ್ ಚಿತ್ರ ಮಾಡಿಕೊಟ್ಟರೆ, ಬೇರೆ ಒಪ್ಪಂದ ಆಗಿರದಿದ್ದಲ್ಲಿ, ಅದರ ಮೊದಲ ಒಡೆಯರು ಮಾಡಿಸಿದವರೇ. ಕಾಯ್ದೆಯ ವ್ಯಾಖ್ಯಾನದಲ್ಲಿ ವಿಡಿಯೊ ಕೂಡ ಸಿನಿಮಾಟೊಗ್ರಾಫ್ ಚಿತ್ರವೇ. ಪ್ರತಿಫಲ ಎಂದರೆ ನೋಟಿನ ಕಟ್ಟೇ ಆಗಬೇಕಿಲ್ಲ, ಕೊರಿಯರ್‌ನಲ್ಲಿ ಬಂದ ಮಿಕ್ಸರ್ ಕೂಡ ಪ್ರತಿಫಲವೇ ಎಂದು ಕಂಪನಿಯ ವಕೀಲರು ವಾದಿಸಬಹುದು. ಅಂದರೆ ಸುಮ್ಮನಿದ್ದವರ ಕೈಯಿಂದ ವಿಡಿಯೊ ಜಾರುವ ಸಾಧ್ಯತೆಯೇ ಹೆಚ್ಚು. ಅದನ್ನು ತಡೆಯಲು ವಕೀಲರ ನೋಟಿಸು ಬೇಡ, ‘ವಿಡಿಯೊದ ಹಕ್ಕು ಮಾಡಿದವರದೇ, ಕಂಪನಿಗೆ ಇಷ್ಟು ದಿನ ಬಳಸುವ ಅನುಮತಿ ಮಾತ್ರ’ ಎಂಬ ಒಂದು ವಾಕ್ಯ ಮೊದಲೇ ಇದ್ದರೆ ಸಾಕು. ‘ಬೇರೆ ಒಪ್ಪಂದ ಆಗಿರದಿದ್ದಲ್ಲಿ’ ಎಂದು ಕಾಯ್ದೆಯೇ ಬಾಗಿಲು ತೆರೆದಿಟ್ಟಿದೆ.

ಹಕ್ಕನ್ನು ಬರೆದುಕೊಡುವುದೇ ಆದರೆ 19ನೇ ಕಲಮು ನೋಡಬೇಕು. ಹಸ್ತಾಂತರ ಬರವಣಿಗೆಯಲ್ಲಿರಬೇಕು, ಸಹಿ ಇರಬೇಕು. ಅವಧಿ ಬರೆಯದೆ ಬಿಟ್ಟರೆ ಐದು ವರ್ಷ ಎಂದು ಲೆಕ್ಕ, ಪ್ರದೇಶ ಬರೆಯದಿದ್ದರೆ ಇಡೀ ಭಾರತ ಎಂದು ಲೆಕ್ಕ. ಇದು ಬರೆದುಕೊಡುವವರಿಗೆ ಒಂದು ಮಟ್ಟಿನ ರಕ್ಷಣೆ. ಅದಕ್ಕೇ ದೊಡ್ಡ ಕಂಪನಿಗಳ ಅಚ್ಚು ಕರಾರಿನಲ್ಲಿ ಈ ಜಾಗ ಖಾಲಿ ಇರುವುದಿಲ್ಲ. ‘ಜಗತ್ತಿನಾದ್ಯಂತ, ಶಾಶ್ವತವಾಗಿ, ಈಗಿರುವ ಹಾಗೂ ಮುಂದೆ ಬರುವ ಎಲ್ಲ ಮಾಧ್ಯಮಗಳಲ್ಲಿ’ ಎಂದು ತುಂಬಿಸಿಟ್ಟಿರುತ್ತಾರೆ. ಇಪ್ಪತ್ತೆರಡರ ವಯಸ್ಸಿನಲ್ಲಿ ಮುಖಕ್ಕೆ ಹಚ್ಚಿಕೊಂಡು ತೋರಿಸಿದ ಕ್ರೀಮು ಮೂವತ್ತೆರಡರಲ್ಲೂ ಅದೇ ಮುಖ ಇಟ್ಟುಕೊಂಡು ಮಾರಾಟವಾಗಬಹುದು ಎಂಬುದೇ ಆ ಸಾಲಿನ ಅರ್ಥ. ಹೊಡೆದುಹಾಕಿ ‘90 ದಿನ, ಕಂಪನಿಯ ಇನ್‌ಸ್ಟಾಗ್ರಾಂ ಮತ್ತು ಯೂಟ್ಯೂಬ್ ಪುಟದಲ್ಲಿ ಮಾತ್ರ’ ಎಂದು ಬರೆದು ಕಳಿಸಿದರೆ ಬಹಳಷ್ಟು ಕಂಪನಿಗಳು ಮರುಮಾತಿಗೆ ಬರುತ್ತವೆ. ಬಾರದ ಕಂಪನಿಯ ಉದ್ದೇಶವೇನೆಂದು ಆಗಲೇ ತಿಳಿದುಹೋಗುತ್ತದೆ, ಅದೂ ಒಳ್ಳೆಯದೇ.

ಇನ್ನೊಂದು ಭೇದವನ್ನು ಗಟ್ಟಿಯಾಗಿ ಹಿಡಿಯಬೇಕು. ಹೊಳಲ್ಕೆರೆಯ ಪುಟದಲ್ಲಿ ಹಾಕಿದ ವಿಡಿಯೊವನ್ನು ಅಲ್ಲಿಯ ಹಿಂಬಾಲಕರು ನೋಡುವುದು ಒಂದು. ಅದೇ ವಿಡಿಯೊಗೆ ಕಂಪನಿ ದುಡ್ಡು ಸುರಿದು, ಅದೇ ಹೆಸರಿನಲ್ಲಿ ರಾಜ್ಯಕ್ಕೆಲ್ಲ ಜಾಹೀರಾತಾಗಿ ಓಡಿಸುವುದು ಇನ್ನೊಂದು. ಎರಡನೆಯದಕ್ಕೆ ಬೇರೆ ದರ ಕೇಳುವುದು ಈ ವೃತ್ತಿಯಲ್ಲಿ ಒಪ್ಪಿತ ರೂಢಿ. ಕೇಳಲು ಸಂಕೋಚ ಬೇಡ. ಹಾಗೆಯೇ ಎಡಿಟ್ ಆಗದ ಮೂಲ ದೃಶ್ಯಗಳನ್ನು, ಅಂದರೆ ರಾ ಫೈಲ್‌ಗಳನ್ನು, ಡ್ರೈವ್‌ಗೆ ಹಾಕಿ ಕಳಿಸಿ ಎಂಬ ಬೇಡಿಕೆ ಬಂದರೆ ಅದೂ ಬೇರೆ ಕೆಲಸ, ಬೇರೆ ಬಾಬತ್ತು.

ಪ್ರತಿಸ್ಪರ್ಧಿಗಳ ಷರತ್ತು ನೋಡುವುದಕ್ಕೆ ಚಿಕ್ಕದು, ಕಚ್ಚುವುದು ಜೋರು. ಒಂದು ಗಾಣದ ಎಣ್ಣೆ ಕಂಪನಿಗೆ ಒಂದು ರೀಲ್ಸ್ ಮಾಡಿದ್ದಕ್ಕೆ ‘ಆರು ತಿಂಗಳು ಬೇರೆ ಯಾವ ಆಹಾರ ಉತ್ಪನ್ನಕ್ಕೂ ಮಾಡುವಂತಿಲ್ಲ’ ಎಂದು ಸಹಿ ಹಾಕಿದರೆ, ಅಡುಗೆ ವಿಡಿಯೊ ಮಾಡುವವರ ಅರ್ಧ ವರ್ಷದ ದುಡಿಮೆಗೆ ಬೀಗ ಬಿದ್ದ ಹಾಗೆ. ‘ಅಡುಗೆ ಎಣ್ಣೆ ಮಾತ್ರ, 30 ದಿನ’ ಎಂದು ಕಿರಿದು ಮಾಡಬೇಕು. ಅದಕ್ಕೂ ಹೆಚ್ಚು ದಿನ ಬೇಕೆಂದರೆ ಕಾಯುವ ದಿನಗಳಿಗೂ ಬೆಲೆ ಕಟ್ಟಬೇಕು.

ಇಷ್ಟೆಲ್ಲ ಬರೆದು ಕಳಿಸುವುದಕ್ಕೆ ಇಂಗ್ಲಿಷಿನ ಹತ್ತು ಪುಟ ಬೇಡ. ಈ ಮಾದರಿಯ ಒಂದು ಉತ್ತರ ಸಾಕು:

‘ನಮಸ್ಕಾರ ಸರ್. ಒಂದು ರೀಲ್ಸ್, ಒಂದು ನಿಮಿಷದ್ದು, ನನ್ನ ಪೇಜಲ್ಲಿ ಹಾಕ್ತೀನಿ. ವಿಡಿಯೊ ಹಕ್ಕು ನಂದೇ ಇರುತ್ತೆ. ನಿಮ್ಮ ಪೇಜಲ್ಲಿ 90 ದಿನ ಹಾಕ್ಕೋಬಹುದು. ಆ್ಯಡ್ ಆಗಿ ಓಡಿಸೋದಾದ್ರೆ ದರ ಬೇರೆ. ಸ್ಕ್ರಿಪ್ಟ್ ಶೂಟಿಂಗ್‌ಗೆ ಮುಂಚೆ ನೋಡಿ ಹೇಳಿ, ಶೂಟ್ ಆದ್ಮೇಲೆ ಒಂದು ಸಲ ಮಾತ್ರ ತಿದ್ದುಪಡಿ. ಅರ್ಧ ಅಡ್ವಾನ್ಸ್, ಉಳಿದದ್ದು ಹಾಕಿದ 15 ದಿನದೊಳಗೆ. ಪೇಯ್ಡ್ ಪ್ರಮೋಷನ್ ಅಂತ ಹಾಕೇ ಹಾಕ್ತೀನಿ. ನಾನು ಬಳಸಿ ನೋಡದೇ ಇರೋದನ್ನ ಬಳಸಿದ್ದೀನಿ ಅಂತ ಹೇಳಲ್ಲ. ಒಪ್ಪಿಗೆ ಇದ್ರೆ ಇದೇ ಮೆಸೇಜಿಗೆ ರಿಪ್ಲೈ ಮಾಡಿ.’

1872ರ ಕರಾರು ಕಾಯ್ದೆಯ ಪ್ರಕಾರ ಬಾಯಿಮಾತಿನ ಒಪ್ಪಂದಕ್ಕೂ ಬೆಲೆಯಿದೆ. ವಿದ್ಯುನ್ಮಾನ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಒಪ್ಪಂದ ಅಸಿಂಧುವಾಗುವುದಿಲ್ಲ ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮು ಹೇಳುತ್ತದೆ. ಹಾಗಾಗಿ ವಾಟ್ಸ್‌ಆ್ಯಪ್ ಉತ್ತರ ಕೆಲಸಕ್ಕೆ ಬಾರದ್ದೇನಲ್ಲ. ಆದರೆ ಆ ಸಂಭಾಷಣೆಯನ್ನು ಅಳಿಸಬಾರದು, ಮೊಬೈಲ್ ಬದಲಿಸುವಾಗ ಬ್ಯಾಕಪ್ ಇಡಬೇಕು. ಇಮೇಲ್ ಆದರೆ ಇನ್ನೂ ಅನುಕೂಲ. ಒಂದು ಎಚ್ಚರ: ವಿಡಿಯೊ ಮಾಡುವವರು 18 ತುಂಬದ ಪಿಯು ವಿದ್ಯಾರ್ಥಿಗಳಾಗಿದ್ದರೆ ಅವರ ಸಹಿಗೆ ಕಾನೂನಿನ ಬಲವಿಲ್ಲ. ಅಪ್ರಾಪ್ತರ ಕರಾರು ಅಸಿಂಧು ಎಂಬುದು 1903ರ ಮೊಹೊರಿ ಬೀಬಿ ಪ್ರಕರಣದಿಂದಲೂ ನಿಂತಿರುವ ಮಾತು. ಅಪ್ಪನೋ ಅಮ್ಮನೋ ಮಾತುಕತೆಯಲ್ಲಿ ಕೂರಲೇಬೇಕು.

ಹಣದ ವಿಚಾರಕ್ಕೆ ಬಂದರೆ, ‘ವಿಡಿಯೊ ಹಾಕಿದ ಮೇಲೆ ಪೇಮೆಂಟ್’ ಎಂಬ ಮಾತಿನಲ್ಲಿ ದಿನಾಂಕ ಇರುವುದಿಲ್ಲ. ಮಧ್ಯದಲ್ಲಿ ಏಜೆನ್ಸಿ ಇದ್ದರಂತೂ ಕಂಪನಿ ಕೊಟ್ಟಿಲ್ಲ ಎಂದು ಏಜೆನ್ಸಿ, ಏಜೆನ್ಸಿಗೆ ಕೊಟ್ಟಾಯಿತು ಎಂದು ಕಂಪನಿ ಹೇಳುತ್ತಾ ತಿಂಗಳುಗಳು ಉರುಳುತ್ತವೆ. ಯಾರು ಕೊಡಬೇಕು ಎಂಬುದನ್ನು ಮೊದಲೇ ಹೆಸರು ಹಿಡಿದು ಬರೆಸಿಕೊಳ್ಳಬೇಕು. ಇದಕ್ಕೆ ಸಣ್ಣ ಉದ್ಯಮಗಳಿಗಾಗಿ ಇರುವ ಒಂದು ಕಾನೂನು ಒದಗುತ್ತದೆ, ಅದನ್ನು ಬಳಸುವವರು ಮಾತ್ರ ಕಡಿಮೆ. ಸೇವೆ ಒದಗಿಸುವ ಒಂಟಿ ವ್ಯಕ್ತಿಯೂ ಉದ್ಯಮ್ ಪೋರ್ಟಲ್‌ನಲ್ಲಿ ಶುಲ್ಕವಿಲ್ಲದೆ ಕಿರು ಉದ್ಯಮವಾಗಿ ನೋಂದಾಯಿಸಿಕೊಳ್ಳಬಹುದು. ಆಗ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಂತೆ, ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನ ಮೀರಿ ಹಣ ಉಳಿಸಿಕೊಳ್ಳುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಬರೆದರೆ ದೊಡ್ಡ ಕಂಪನಿಗಳ ಲೆಕ್ಕಪತ್ರ ವಿಭಾಗ ಅದನ್ನು ಬೇರೆ ಕಣ್ಣಿನಿಂದ ನೋಡುತ್ತದೆ, ಯಾಕೆಂದರೆ 2024ರ ಏಪ್ರಿಲ್‌ನಿಂದ ಕಿರು ಮತ್ತು ಸಣ್ಣ ಉದ್ಯಮಗಳಿಗೆ ಸಕಾಲಕ್ಕೆ ಕೊಡದ ಹಣವನ್ನು ಆ ವರ್ಷದ ಖರ್ಚೆಂದು ತೋರಿಸಿ ತೆರಿಗೆ ಉಳಿಸಲು ಬರುವುದಿಲ್ಲ.

ತೆರಿಗೆಯಲ್ಲಿ ಉಚಿತವಾಗಿ ಬಂದ ಸರಕೂ ಆದಾಯವೇ. 2022ರ ಜುಲೈ 1ರಿಂದ ಜಾರಿಗೆ ಬಂದ ಆದಾಯ ತೆರಿಗೆ ನಿಯಮದಂತೆ, ವೃತ್ತಿಯ ಕಾರಣಕ್ಕೆ ವರ್ಷದಲ್ಲಿ 20,000 ರೂಪಾಯಿ ಮೀರಿದ ಸೌಲಭ್ಯ ಕೊಟ್ಟರೆ ಕೊಟ್ಟವರು ಶೇ 10ರಷ್ಟು ತೆರಿಗೆ ಮುರಿದು ಕಟ್ಟಬೇಕು. ನೇರ ತೆರಿಗೆ ಮಂಡಳಿಯ ಅದೇ ವರ್ಷದ ಸುತ್ತೋಲೆಯಲ್ಲಿ ಜಾಲತಾಣದ ಪ್ರಚಾರಕರ ಉದಾಹರಣೆಯನ್ನೇ ಕೊಡಲಾಗಿತ್ತು: ಕಾರು, ಮೊಬೈಲ್, ಬಟ್ಟೆ, ಸೌಂದರ್ಯವರ್ಧಕ ಯಾವುದೇ ಇರಲಿ, ವಿಡಿಯೊ ಮಾಡಿ ವಾಪಸ್ ಕೊಟ್ಟರೆ ಅದು ಸೌಲಭ್ಯವಲ್ಲ, ಇಟ್ಟುಕೊಂಡರೆ ಸೌಲಭ್ಯ. 30,000 ರೂಪಾಯಿಯ ಮೊಬೈಲ್ ಇಟ್ಟುಕೊಂಡರೆ 3,000 ರೂಪಾಯಿ ಯಾರ ಜೇಬಿನಿಂದ ಎಂಬುದೂ ಕರಾರಿನ ಮಾತೇ. ವಾಪಸ್ ಕೊಡುವ ಕೊರಿಯರ್ ಖರ್ಚು ಕೂಡ.

ಉಚಿತವಾಗಿ ಮಾಡಲೇಬಾರದು ಎಂದೇನೂ ಅಲ್ಲ. ಡಾ. ರಾಜ್‌ಕುಮಾರ್ ನಂದಿನಿ ಹಾಲಿನ ಜಾಹೀರಾತಿನಲ್ಲಿ ಸಂಭಾವನೆ ಪಡೆಯದೆ ಕಾಣಿಸಿಕೊಂಡರು, ಪುನೀತ್ ರಾಜ್‌ಕುಮಾರ್ ಕೂಡ ಅದೇ ಹಾದಿ ಹಿಡಿದರು. ರೈತರ ಸಹಕಾರಿ ಸಂಸ್ಥೆಗೆ ಮನಸ್ಸಾರೆ ಕೊಟ್ಟ ಕೊಡುಗೆ ಅದು, ಕೊಟ್ಟವರಿಗೆ ಅದರ ಬೆಲೆ ಗೊತ್ತಿತ್ತು. ಹೊಸದುರ್ಗದ ಮಹಿಳಾ ಸ್ವಸಹಾಯ ಸಂಘದ ಸಾವೆ ಅಕ್ಕಿಗೋ ಮೊಳಕಾಲ್ಮುರಿನ ನೇಕಾರರ ರೇಷ್ಮೆ ಸೀರೆಗೋ ಬಿಟ್ಟಿ ವಿಡಿಯೊ ಮಾಡಿಕೊಡುವುದು ಒಳ್ಳೆಯ ಕೆಲಸ. ಗುರುಗ್ರಾಮದ ಕಂಪನಿಯೊಂದು ‘ನಿಮಗೇ ಪ್ರಚಾರ ಸಿಗುತ್ತದೆ’ ಎಂದು 300 ರೂಪಾಯಿಯ ಶಾಂಪೂ ಕಳಿಸಿ ಎರಡು ದಿನದ ಕೆಲಸ ಮಾಡಿಸಿಕೊಳ್ಳುವುದಕ್ಕೆ ಆ ಘನತೆ ಸಲ್ಲದು.

ಇಲ್ಲಿಯವರೆಗಿನದು ಕಂಪನಿ ಮತ್ತು ವಿಡಿಯೊ ಮಾಡುವವರ ನಡುವಿನ ಮಾತು. ಮೂರನೆಯವರು ಒಬ್ಬರಿದ್ದಾರೆ, ನೋಡುವವರು. ಅವರು ಕರಾರಿಗೆ ಸಹಿ ಹಾಕಿಲ್ಲ, ಆದರೆ ಮಾರಾಟವಾಗುವುದು ಅವರ ನಂಬಿಕೆ. ಹಾಗಾಗಿ ಅವರ ಪಾಲಿನ ಷರತ್ತುಗಳನ್ನು ಕಾನೂನು ತಾನೇ ಬರೆದಿಟ್ಟಿದೆ. ಕಂಪನಿ ಬೇಡವೆಂದರೂ ಅವನ್ನು ಬಿಡುವಂತಿಲ್ಲ.

ಮೊದಲನೆಯದು, ದುಡ್ಡು ಅಥವಾ ಸರಕು ಪಡೆದಿರುವುದನ್ನು ಹೇಳುವುದು. ಜಾಹೀರಾತು ಮಾನದಂಡಗಳ ಮಂಡಳಿ ಎಂಬ ಸ್ವನಿಯಂತ್ರಣ ಸಂಸ್ಥೆಯ ನಿಯಮಗಳು 2021ರ ಜೂನ್ 14ರಿಂದ ಜಾರಿಯಲ್ಲಿವೆ. 15 ಸೆಕೆಂಡಿನೊಳಗಿನ ವಿಡಿಯೊದಲ್ಲಿ ಜಾಹೀರಾತು ಎಂಬ ಗುರುತು ಕನಿಷ್ಠ 3 ಸೆಕೆಂಡ್ ಇರಬೇಕು. ಅದಕ್ಕಿಂತ ಉದ್ದವಾಗಿ 2 ನಿಮಿಷದೊಳಗಿದ್ದರೆ ಮೂರನೇ ಒಂದು ಭಾಗ, ಅಂದರೆ ಒಂದು ನಿಮಿಷದ ರೀಲ್ಸ್‌ನಲ್ಲಿ 20 ಸೆಕೆಂಡ್. ಅದಕ್ಕೂ ಉದ್ದವಾದರೆ ಉತ್ಪನ್ನದ ಮಾತು ಬರುವಷ್ಟು ಹೊತ್ತೂ ಗುರುತು ಕಾಣಬೇಕು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿ 20ರಂದು ಹೊರಡಿಸಿದ ಮಾರ್ಗಸೂಚಿ ಇನ್ನೂ ಸ್ಪಷ್ಟವಾಗಿದೆ. ಹತ್ತಾರು ಹ್ಯಾಷ್‌ಟ್ಯಾಗ್‌ಗಳ ನಡುವೆ ಗುರುತನ್ನು ಅಡಗಿಸುವಂತಿಲ್ಲ, ವಿಡಿಯೊದಲ್ಲಿ ಬರಹದ ಜೊತೆ ಬಾಯಲ್ಲೂ ಹೇಳಬೇಕು, ಪ್ರಚಾರ ಯಾವ ಭಾಷೆಯಲ್ಲಿದೆಯೋ ಗುರುತೂ ಅದೇ ಭಾಷೆಯಲ್ಲಿರಬೇಕು. ಹಿರಿಯೂರಿನ ಕನ್ನಡದಲ್ಲಿ ಹತ್ತು ನಿಮಿಷ ಮಾತಾಡಿ ಮೂಲೆಯಲ್ಲಿ ಇಂಗ್ಲಿಷಿನ ಎರಡಕ್ಷರ ತೋರಿಸಿದರೆ ನಿಯಮ ಪಾಲಿಸಿದಂತಾಗುವುದಿಲ್ಲ. ಯೂಟ್ಯೂಬ್‌ನಲ್ಲಿ ಪೇಯ್ಡ್ ಪ್ರಮೋಷನ್ ಎಂದು ಟಿಕ್ ಮಾಡಿದರೆ ಆರಂಭದ 10 ಸೆಕೆಂಡ್ ಅದರ ಸೂಚನೆ ಬರುತ್ತದೆ. ಅದೊಂದನ್ನೇ ನಂಬಿ ಕೂರಬಾರದು.

‘ಪ್ರಮೋಷನ್ ಅಂತ ಹಾಕಬೇಡಿ, ರೀಚ್ ಬರಲ್ಲ, ನೀವೇ ಕೊಂಡ ಹಾಗೆ ತೋರಿಸಿ’ ಎಂದು ಕೇಳುವ ಕಂಪನಿಗಳಿವೆ. ಅಮೆರಿಕದಲ್ಲಿ ಲಾರ್ಡ್ ಅಂಡ್ ಟೇಲರ್ ಎಂಬ ಬಟ್ಟೆ ಮಳಿಗೆ 50 ಮಂದಿ ಫ್ಯಾಷನ್ ಪ್ರಚಾರಕರಿಗೆ ಒಂದೇ ಉಡುಪನ್ನು ಉಚಿತವಾಗಿ ಕೊಟ್ಟು, ಜೊತೆಗೆ ತಲಾ 1,000ದಿಂದ 4,000 ಡಾಲರ್ ಕೊಟ್ಟಿತ್ತು. ಯಾವ ಟ್ಯಾಗ್ ಹಾಕಬೇಕೆಂಬುದೂ ಕರಾರಿನಲ್ಲಿತ್ತು. ಹಣ ಪಡೆದಿರುವುದನ್ನು ಹೇಳಬೇಕೆಂಬ ಸಾಲು ಮಾತ್ರ ಇರಲಿಲ್ಲ. ಉಡುಪು ಪೂರ್ತಿ ಮಾರಾಟವಾಯಿತು, 2016ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಮಳಿಗೆಯ ಮೇಲೆ ಕ್ರಮ ಕೈಗೊಂಡಿತು. ಭಾರತದಲ್ಲಾದರೆ ಬಿಸಿ ಮುಟ್ಟುವುದು ಕಂಪನಿಗೊಂದೇ ಅಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 21ನೇ ಕಲಮು ದಾರಿ ತಪ್ಪಿಸುವ ಜಾಹೀರಾತಿಗೆ ಪ್ರಚಾರಕರಿಗೂ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಮತ್ತೆ ತಪ್ಪಿದರೆ 50 ಲಕ್ಷದವರೆಗೆ. ಒಂದು ವರ್ಷ, ಮರುಕಳಿಸಿದರೆ ಮೂರು ವರ್ಷದವರೆಗೆ ಯಾವ ಉತ್ಪನ್ನದ ಪ್ರಚಾರವನ್ನೂ ಮಾಡದಂತೆ ನಿಷೇಧಿಸಬಹುದು. ಹೇಳಿದ ಮಾತು ನಿಜವೇ ಎಂದು ತಕ್ಕಷ್ಟು ಪರಿಶೀಲಿಸಿದ್ದೆ ಎಂದು ತೋರಿಸಿದವರಿಗೆ ಈ ದಂಡದಿಂದ ರಕ್ಷಣೆಯಿದೆ. ಅದಕ್ಕೇ ಕಂಪನಿ ಹೇಳಿಸುವ ಪ್ರತಿ ದೊಡ್ಡ ಮಾತಿಗೂ ಪುರಾವೆಯನ್ನು ಇಮೇಲ್‌ನಲ್ಲಿ ಕೇಳಿ ಪಡೆಯಬೇಕು.

ಎರಡನೆಯದು ಈ ಪರಿಶೀಲನೆ. ಅದು ಕೋಟೆನಾಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬೇಕಾಗಿರುವುದು ಕೃಷಿ ವಿಡಿಯೊಗಳಿಗೆ. ದಾಳಿಂಬೆಗೆ ದುಂಡಾಣು ಅಂಗಮಾರಿ ತಗುಲಿದರೆ ಕಾಯಿಯ ಮೇಲೆ ಕಪ್ಪು ಚುಕ್ಕೆ ಎದ್ದು ಸಿಪ್ಪೆ ಬಿರಿಯುತ್ತದೆ, ಲಕ್ಷಗಟ್ಟಲೆ ಸುರಿದ ತೋಟ ಕಣ್ಣೆದುರೇ ಹಾಳಾಗುತ್ತದೆ. ಈರುಳ್ಳಿಗೆ ಹಾವುಸುಳಿ ಬಂದರೂ ಅಡಿಕೆಗೆ ಎಲೆಚುಕ್ಕೆ ಬಂದರೂ ಅದೇ ಗತಿ. ಆ ಹೊತ್ತಿನಲ್ಲಿ ರೈತ ರಾತ್ರಿ ಕೂತು ಯೂಟ್ಯೂಬ್ ನೋಡುತ್ತಾನೆ. ಪರಿಚಿತ ಮುಖವೊಂದು, ತಮ್ಮದೇ ಸೀಮೆಯ ಮಾತಿನಲ್ಲಿ, ‘ಈ ಬಾಟಲ್ ಒಂದು ಸಲ ಹೊಡೆದರೆ ರೋಗ ನಿಂತುಹೋಗುತ್ತೆ ಅಣ್ಣ’ ಎಂದರೆ ಬೆಳಗಾಗುವುದರೊಳಗೆ ಆರ್ಡರ್ ಹೋಗಿರುತ್ತದೆ. ಬಾಟಲ್ ಕೆಲಸ ಮಾಡದಿದ್ದರೆ ಹೋಗುವುದು ಅದರ ಬೆಲೆಯೊಂದೇ ಅಲ್ಲ, ಸರಿಯಾದ ಔಷಧ ಹೊಡೆಯಬೇಕಿದ್ದ ಆ ವಾರವೂ ಹೋಗುತ್ತದೆ. ಒಂದು ರೀಲ್ಸ್‌ನಿಂದ ಆಗಬಹುದಾದ ಹಾನಿಗಳಲ್ಲಿ ಇದಕ್ಕಿಂತ ದೊಡ್ಡದು ಕಡಿಮೆ.

ಹೀಗಾಗಿ ಕೃಷಿ ಉತ್ಪನ್ನದ ಕರಾರಿಗೆ ಮುಂಚೆ ಲೇಬಲ್‌ನ ಫೋಟೊ ತರಿಸಿಕೊಳ್ಳಬೇಕು. ಕೀಟನಾಶಕ ಅಥವಾ ಶಿಲೀಂಧ್ರನಾಶಕವಾದರೆ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಸಂಖ್ಯೆ ಇರಬೇಕು, ಯಾವ ಬೆಳೆಗೆ ಯಾವ ಬಾಧೆಗೆ ಎಂಬುದು ಲೇಬಲ್‌ನಲ್ಲಿರಬೇಕು. ‘ಗ್ರೋತ್ ಪ್ರಮೋಟರ್’, ‘ಟಾನಿಕ್’ ಎಂದು ಮಾರುವ ಜೈವಿಕ ಉತ್ತೇಜಕಗಳನ್ನು 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ತರಲಾಗಿದೆ. ಬೆಳವಣಿಗೆಗೆಂದು ನೋಂದಾಯಿತವಾದದ್ದನ್ನು ರೋಗಕ್ಕೆ ಮದ್ದು ಎಂದು ಹೇಳಲು ಬರುವುದಿಲ್ಲ. ಅನುಮಾನ ಬಂದರೆ ದೂರ ಹೋಗಬೇಕಿಲ್ಲ, ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಅಲ್ಲಿನ ವಿಜ್ಞಾನಿಗಳಿಗೆ ಲೇಬಲ್ ತೋರಿಸಿ ಕೇಳಿದ ಮೇಲೆ ಕ್ಯಾಮೆರಾ ಆನ್ ಮಾಡಿದರೆ ತಡವೇನೂ ಆಗದು. ‘ತಜ್ಞರ ಅಭಿಪ್ರಾಯ ಪಡೆದ ನಂತರವೇ ವಿಡಿಯೊ’ ಎಂಬುದನ್ನೂ ಷರತ್ತಾಗಿ ಹಾಕಬಹುದು. ಒಳ್ಳೆಯ ಸರಕು ಮಾಡುವ ಕಂಪನಿ ಇದಕ್ಕೆ ಹೆದರಬೇಕಿಲ್ಲ.

ಸಿರಿಧಾನ್ಯದ ಮಾತೂ ಇಲ್ಲೇ ಬರುತ್ತದೆ. ಸಾವೆ, ನವಣೆ ಒಳ್ಳೆಯ ಆಹಾರ ಎನ್ನುವುದಕ್ಕೆ ಅಡ್ಡಿಯಿಲ್ಲ. ಈ ಪುಡಿ ತಿಂದರೆ ಸಕ್ಕರೆ ಕಾಯಿಲೆ ವಾಸಿ ಎಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಜಾಹೀರಾತು ನಿಯಮಗಳು ಅಡ್ಡ ಬರುತ್ತವೆ. ಪೊಟ್ಟಣದ ಮೇಲೆ 14 ಅಂಕಿಯ ಪರವಾನಗಿ ಸಂಖ್ಯೆ ಇದೆಯೇ ಎಂದು ನೋಡುವುದು ಅರ್ಧ ನಿಮಿಷದ ಕೆಲಸ.

ಬೆಟ್ಟಿಂಗ್ ಆ್ಯಪ್‌ಗಳ ವಿಚಾರದಲ್ಲಿ ಷರತ್ತು ಚರ್ಚಿಸುವ ಪ್ರಶ್ನೆಯೇ ಇಲ್ಲ. ಅವು ಕೊಡುವ ದರ ಬೇರೆಲ್ಲ ಕಂಪನಿಗಳಿಗಿಂತ ಹೆಚ್ಚಿರುತ್ತದೆ, ಅದೇ ಅಪಾಯದ ಗಂಟೆ. 2025ರ ಮಾರ್ಚ್‌ನಲ್ಲಿ ಹೈದರಾಬಾದಿನ ಪೊಲೀಸರು ಇಂಥ ಆ್ಯಪ್‌ಗಳ ಪ್ರಚಾರ ಮಾಡಿದ ಆರೋಪದಲ್ಲಿ 25 ಮಂದಿ ನಟ ನಟಿಯರು ಮತ್ತು ಜಾಲತಾಣದ ಪ್ರಚಾರಕರ ಮೇಲೆ ಪ್ರಕರಣ ದಾಖಲಿಸಿದ್ದರು. ಅದೇ ವರ್ಷದ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳ ಜಾಹೀರಾತಿಗೇ 2 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇಟ್ಟಿದೆ.

ಚಿತ್ರೀಕರಣದ ಜಾಗ ಮತ್ತು ಹಾಡಿನ ಹೊಣೆ ಯಾರದು ಎಂಬುದನ್ನೂ ಬರೆಯಬೇಕು. ಒನಕೆ ಓಬವ್ವನ ಕಿಂಡಿ ಹಿನ್ನೆಲೆಗೆ ಚೆನ್ನ, ಕಂಪನಿಗಳು ಕೇಳುವುದೂ ಅದನ್ನೇ. ಆದರೆ ಚಿತ್ರದುರ್ಗದ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸಂರಕ್ಷಿತ ಸ್ಮಾರಕ. ಅಲ್ಲಿ ಜಾಹೀರಾತು ಚಿತ್ರೀಕರಿಸಲು ಇಲಾಖೆಯ ಅನುಮತಿ ಬೇಕು, ಅದನ್ನು ತರುವುದೂ ಶುಲ್ಕ ಕಟ್ಟುವುದೂ ಕಂಪನಿಯ ಕೆಲಸ ಎಂದು ಸ್ಪಷ್ಟವಿರಲಿ. ಹಾಡಿನದು ಇನ್ನೂ ಸೂಕ್ಷ್ಮ. ರೀಲ್ಸ್‌ನಲ್ಲಿ ಎಲ್ಲರೂ ಹಾಕುವ ಸಿನಿಮಾ ಹಾಡನ್ನೇ ಕಂಪನಿಯ ಪ್ರಚಾರಕ್ಕೆ ಹಾಕಿದರೆ ಅದು ವಾಣಿಜ್ಯ ಬಳಕೆ. 2022ರ ನವೆಂಬರ್‌ನಲ್ಲಿ ಕೆಜಿಎಫ್-2ರ ಸಂಗೀತವನ್ನು ಭಾರತ್ ಜೋಡೊ ಯಾತ್ರೆಯ ವಿಡಿಯೊಗೆ ಬಳಸಿದ್ದಕ್ಕೆ ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ನ್ಯಾಯಾಲಯಕ್ಕೆ ಹೋದಾಗ, ಕಾಂಗ್ರೆಸ್ ಪಕ್ಷದ ಟ್ವಿಟರ್ ಖಾತೆಯನ್ನೇ ತಾತ್ಕಾಲಿಕವಾಗಿ ತಡೆಹಿಡಿಯುವ ಆದೇಶ ಬಂದಿತ್ತು. ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿದರೂ ಆ ತುಣುಕುಗಳನ್ನು ತೆಗೆಯಲೇಬೇಕಾಯಿತು. ರಾಷ್ಟ್ರೀಯ ಪಕ್ಷದ ಬಳಿ ವಕೀಲರ ಪಡೆ ಇತ್ತು. ಹೊಳಲ್ಕೆರೆಯ ಹುಡುಗನ ಚಾನೆಲ್ಲಿಗೆ ಮೂರು ಸ್ಟ್ರೈಕ್ ಬಿದ್ದರೆ ವರ್ಷಗಳ ದುಡಿಮೆಯೇ ಮುಳುಗುತ್ತದೆ.

ಕಂಪನಿ ಕಳಿಸಿದ ಕರಾರಿನ ಕೊನೆಯ ಪುಟದಲ್ಲಿ ಸಾಮಾನ್ಯವಾಗಿ ಒಂದು ಸಾಲಿರುತ್ತದೆ: ವಿವಾದ ಬಂದರೆ ದೆಹಲಿಯ ಅಥವಾ ಮುಂಬೈಯ ನ್ಯಾಯಾಲಯಗಳಿಗೆ ಮಾತ್ರ ಅಧಿಕಾರ. ಎಂಟು ಸಾವಿರ ರೂಪಾಯಿಯ ಬಾಕಿಗೆ ಹೊಸದುರ್ಗದಿಂದ ದೆಹಲಿಗೆ ಯಾರೂ ಹೋಗುವುದಿಲ್ಲ, ಬರೆದವರಿಗೂ ಅದು ಗೊತ್ತು. ಅದನ್ನು ‘ಚಿತ್ರದುರ್ಗ’ ಎಂದು ಬದಲಿಸಲು ಕೇಳಬೇಕು, ಕನಿಷ್ಠ ‘ಬೆಂಗಳೂರು’ ಎಂದಾದರೂ. ಒಪ್ಪದಿದ್ದರೆ ಮುಂಗಡದ ಪಾಲನ್ನು ಹೆಚ್ಚಿಸಿಕೊಳ್ಳುವುದೇ ಪ್ರಾಯೋಗಿಕ ದಾರಿ.

ಚಿತ್ರದುರ್ಗದ ಬಿ.ಡಿ. ರಸ್ತೆಯ ಬಟ್ಟೆ ಅಂಗಡಿ, ಹೆದ್ದಾರಿ ಬದಿಯ ಹೊಸ ಹೋಟೆಲು, ಹಿರಿಯೂರಿನ ಟ್ರ್ಯಾಕ್ಟರ್ ಷೋರೂಂ ಇವರ ಉದ್ಘಾಟನೆಯ ವಿಡಿಯೊಗಳಿಗೆ ಕರಾರು ಪತ್ರ ತೆಗೆದರೆ ಮುಖ ಸಿಂಡರಿಸುವವರು ಇದ್ದೇ ಇರುತ್ತಾರೆ. ಪರಿಚಯದವರು, ನಾಳೆ ಮದುವೆ ಮನೆಯಲ್ಲಿ ಎದುರಾಗುವವರು. ಅಲ್ಲಿ ದರ, ದಿನ, ಗುರುತು ಈ ಮೂರನ್ನು ಒಂದು ಮೆಸೇಜಿನಲ್ಲಿ ಹಾಕಿ, ಮುಂಗಡವನ್ನು ಯುಪಿಐನಲ್ಲಿ ಪಡೆದರೆ ಸಾಕು.

ದೊಡ್ಡ ಕಂಪನಿಯ ಇಂಗ್ಲಿಷ್ ಕರಾರು ಕೈಗೆ ಬಂದವರಿಗೆ ಓದಿಸಲು ಯಾರೂ ಇಲ್ಲವೆಂದಲ್ಲ. ಚಿತ್ರದುರ್ಗದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ತಾಲ್ಲೂಕು ಮಟ್ಟದ ನ್ಯಾಯಾಲಯಗಳಲ್ಲಿ ಕಾನೂನು ಸೇವಾ ಸಮಿತಿಗಳಿವೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು. ಕಾನೂನು ಸಲಹೆಯೂ ಆ ನೆರವಿನ ಭಾಗವೇ. ಜಗಳವಾದ ಮೇಲೆ ಅಲ್ಲಿಗೆ ಹೋಗುವವರು ಹೆಚ್ಚು. ಸಹಿ ಹಾಕುವ ಮುಂಚೆ, ಕರಾರಿನ ಪ್ರಿಂಟ್ ಹಿಡಿದು, ಹಕ್ಕು, ಅವಧಿ, ಹಣದ ದಿನಾಂಕ ಇರುವ ಸಾಲುಗಳ ಕೆಳಗೆ ಗೆರೆ ಎಳೆದುಕೊಂಡು ಹೋದರೆ, ಅಲ್ಲಿನ ವಕೀಲರಿಂದ ಅರ್ಧ ಗಂಟೆಯಲ್ಲಿ ಅರ್ಥ ತಿಳಿದುಕೊಳ್ಳಬಹುದು.